ಬರಿಗಾಲಲ್ಲಿ ಗ್ಲಾಸ್ಗೊ ತಲುಪಿದ ಸಲೀಂ

ಒಂದು ಹಳೆಯ ಕಪ್ಪು-ಬಿಳುಪು ಫೋಟೊ ಇದೆ. ಕಲಕತ್ತೆಯ ಆಟಗಾರನೊಬ್ಬ ಸ್ಕಾಟ್ಲೆಂಡಿನ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಕುಳಿತಿದ್ದಾರೆ. ಅವರ ಕಾಲ ಬಳಿ ಬಗ್ಗಿ, ಪಾದಕ್ಕೆ ಬ್ಯಾಂಡೇಜು ಸುತ್ತುತ್ತಿರುವವರು ಆ ಕ್ಲಬ್ಬಿನ ತರಬೇತುದಾರ ಜಿಮ್ಮಿ ಮೆಕ್‌ಮೆನಮಿ. ಒಂದು ಕಾಲಕ್ಕೆ ಸ್ವತಃ ಹೆಸರಾಂತ ಆಟಗಾರರಾಗಿದ್ದವರು. ಇಸವಿ 1936. ನಮ್ಮ ದೇಶ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಆ ದಿನಗಳಲ್ಲಿ ಬಿಳಿಯನೊಬ್ಬ ಹಿಂದೂಸ್ತಾನಿಯ ಪಾದ ಹಿಡಿದ ಚಿತ್ರ ಎಷ್ಟು ಅಪರೂಪದ್ದಿರಬೇಕು! ಮೆಕ್‌ಮೆನಮಿ ತಮ್ಮ ಕೆಲಸ ಮಾಡುತ್ತಿದ್ದರು, ಅಷ್ಟೇ. ಆದರೂ ಆ ಚಿತ್ರವನ್ನು ನೋಡುವಾಗ ನಮ್ಮ ಕಣ್ಣು ಅಲ್ಲಿಯೇ ನಿಲ್ಲುತ್ತದೆ.

ಆ ಪಾದಗಳು ಮುಹಮ್ಮದ್ ಸಲೀಂ ಅವರವು. ಯೂರೋಪಿನ ಕ್ಲಬ್ಬೊಂದರ ಪರವಾಗಿ ಆಡಿದ ಮೊದಲ ಭಾರತೀಯ ಎಂದು ಚರಿತ್ರೆಕಾರರು ಅವರನ್ನು ಗುರುತಿಸುತ್ತಾರೆ. ಅವರು ಅಲ್ಲಿ ಆಡಿದ್ದು ಎರಡೇ ಎರಡು ಪಂದ್ಯ. ಆಮೇಲೆ ಊರು ನೆನಪಾಗಿ ಹಿಂದಿರುಗಿದರು. ಇಷ್ಟು ಸಣ್ಣ ಕಥೆಯನ್ನು ಈಗ ಯಾಕೆ ಹೇಳಬೇಕು ಎಂದು ಓದುಗರು ಕೇಳಬಹುದು. ದೊಡ್ಡ ಊರಿಗೆ, ದೊಡ್ಡ ಕೆಲಸಕ್ಕೆ, ಪರರ ಭಾಷೆಯ ನಡುವೆ ಮಕ್ಕಳನ್ನು ಕಳಿಸುತ್ತಿರುವವರು ನಾವು. ನಮಗೆ ಈ ಎರಡು ಪಂದ್ಯಗಳ ಕಥೆಯಲ್ಲಿ ಕಲಿಯುವುದಿದೆ.

ನವಾಬರ ಬೀದಿಯ ಹುಡುಗ

ಸಲೀಂ ಹುಟ್ಟಿದ್ದು 1904ರಲ್ಲಿ, ಕಲಕತ್ತೆಯ ಮಟಿಯಾಬ್ರುಜ್‌ನಲ್ಲಿ. ಅವಧದ ಕೊನೆಯ ನವಾಬ ವಾಜಿದ್ ಅಲಿ ಶಾ 1856ರಲ್ಲಿ ರಾಜ್ಯ ಕಳೆದುಕೊಂಡು ಬಂದು ನೆಲೆಸಿದ ಜಾಗ ಅದು. ಅವರ ಹಿಂದೆಯೇ ಲಖನೌದ ಬಾಣಸಿಗರು, ದರ್ಜಿಗಳು, ಗಾಯಕರು, ಗಾಳಿಪಟದ ಉಸ್ತಾದರು ಬಂದರು. ಹೂಗ್ಲಿ ನದಿಯ ದಡದಲ್ಲಿ ಒಂದು ಪುಟ್ಟ ಲಖನೌ ಎದ್ದಿತು. 1887ರಲ್ಲಿ ನವಾಬರು ತೀರಿಕೊಂಡರು. ಅರಮನೆಗಳು ಒಂದೊಂದಾಗಿ ಮಾಯವಾದವು. ಹೊಲಿಗೆಯ ಕಸುಬು ಉಳಿಯಿತು. ಪಕ್ಕದಲ್ಲೇ ಹಡಗುಕಟ್ಟೆಗಳು, ಸೆಣಬಿನ ಗಿರಣಿಗಳು ಬೆಳೆದವು. ಹೀಗೆ ಸಲೀಂ ಬೆಳೆದದ್ದು ರಾಜವೈಭವದ ನೆನಪು ಮತ್ತು ಹಡಗಿನ ಸೈರನ್ ಎರಡೂ ಇದ್ದ ಮೊಹಲ್ಲಾದಲ್ಲಿ. ಮನೆಯವರು ಕೆಳಮಧ್ಯಮ ವರ್ಗದವರು.

ಹುಡುಗನಿಗೆ ಓದಿಗಿಂತ ಚೆಂಡು ಹೆಚ್ಚು ಪ್ರಿಯವಾಯಿತು. 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಸಲೀಂ ಇನ್ನೂ ಏಳು ವರ್ಷದವರು. ಅಂದು ಗೆದ್ದ ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಒಬ್ಬರೇ. ಬೂಟಿನ ಸೈನಿಕರನ್ನು ಬರಿಗಾಲಿನವರು ಸೋಲಿಸಿದರು ಎಂಬ ಸುದ್ದಿ ಬಂಗಾಳದ ಗಲ್ಲಿಗಲ್ಲಿಗೂ ಮುಟ್ಟಿತು. ಬರಿಗಾಲು ಅಂದಿನಿಂದ ಬಡತನದ ಗುರುತಷ್ಟೇ ಆಗಿ ಉಳಿಯಲಿಲ್ಲ, ಅದೊಂದು ಹೆಮ್ಮೆಯೂ ಆಯಿತು.

1926ರಿಂದ ಸಲೀಂ ಕಲಕತ್ತೆಯ ಹಲವು ಕ್ಲಬ್ಬುಗಳಿಗೆ ಆಡಿದರು. ಚಿತ್ತರಂಜನ್ ಕ್ಲಬ್, ಸ್ಪೋರ್ಟಿಂಗ್ ಯೂನಿಯನ್, ಈಸ್ಟ್ ಬೆಂಗಾಲ್, ಆರ್ಯನ್ಸ್. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಆಗಿನ ಮೈದಾನದಲ್ಲಿ ಯಾರು ಯಾರ ಜೊತೆ ಆಡುತ್ತಿದ್ದರು ಎಂಬುದು ತಿಳಿಯುತ್ತದೆ. ಕೊನೆಗೆ ಅವರು ಮುಹಮ್ಮಡನ್ ಸ್ಪೋರ್ಟಿಂಗ್ ಸೇರಿದರು.

1891ರಲ್ಲಿ ಹುಟ್ಟಿದ ಈ ಕ್ಲಬ್ 1934ರಲ್ಲಿ ಕಲಕತ್ತಾ ಲೀಗಿನ ಮೊದಲ ದರ್ಜೆಗೆ ಏರಿತು. ಏರಿದ ವರ್ಷವೇ ಚಾಂಪಿಯನ್ ಆಯಿತು. ಅದಕ್ಕೂ ಮುಂಚೆ ಯಾವ ಭಾರತೀಯ ತಂಡವೂ ಆ ಲೀಗ್ ಗೆದ್ದಿರಲಿಲ್ಲ. 1938ರವರೆಗೆ ಸತತ ಐದು ವರ್ಷ ಅದೇ ತಂಡ ಗೆದ್ದಿತು. ಇದರ ಹಿಂದೆ ಎರಡು ಲೆಕ್ಕಾಚಾರಗಳಿದ್ದವು. ಒಂದು, ಆಟಗಾರರನ್ನು ದೂರದಿಂದ ಕರೆತಂದದ್ದು. ನಮ್ಮ ಬೆಂಗಳೂರಿನ ಆಟಗಾರರೂ ಅವರಲ್ಲಿದ್ದರು. ಇನ್ನೊಂದು, ಮಳೆಯ ದಿನಗಳಲ್ಲಿ ಹಗುರವಾದ ಬೂಟು ಹಾಕಿಸಿದ್ದು. ಕಲಕತ್ತೆಯಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಒಣ ನೆಲದಲ್ಲಿ ಚೆಂಡಿನ ಮಾತು ಕೇಳುವ ಬರಿಗಾಲು ಕೆಸರಿನಲ್ಲಿ ಜಾರುತ್ತದೆ. ಆದರೆ ಸಲೀಂ ಬರಿಗಾಲಿನ ಆಟಗಾರರಾಗಿಯೇ ಉಳಿದರು.

ಮೊದಮೊದಲು ಈ ಗೆಲುವುಗಳಿಗೆ ಎಲ್ಲ ಜಾತಿ-ಧರ್ಮದವರೂ ಚಪ್ಪಾಳೆ ತಟ್ಟಿದರು. ಸೋತವರು ದೊರೆಗಳ ರೆಜಿಮೆಂಟುಗಳಲ್ಲವೇ? 1930ರ ದಶಕ ಮುಗಿಯುವ ಹೊತ್ತಿಗೆ ಬಂಗಾಳದ ರಾಜಕೀಯ ಒಡೆಯಿತು, ಮೈದಾನದ ಕೂಗೂ ಒಡೆಯಿತು. ಆ ನೋವಿನ ಕಥೆ ಬೇರೆಯೇ ಇದೆ.

ಹಡಗು ಹತ್ತಿದ ದಿನ

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಯಲ್ಲಿ ಕಲಕತ್ತೆಯಲ್ಲಿ ಇಳಿಯಿತು. ಅದರ ವಿರುದ್ಧದ ಪ್ರದರ್ಶನ ಪಂದ್ಯಗಳಿಗೆ ಸಲೀಂ ಆಯ್ಕೆಯಾದರು. ಒಂದು ಪಂದ್ಯ ಆಡಿದರು. ಎರಡನೆಯದಕ್ಕೆ ಹುಡುಕಿದರೆ ಸಲೀಂ ಊರಲ್ಲೇ ಇಲ್ಲ. ಬಂಧುವಾದ ಹಾಶಿಂ ಅವರ ಜೊತೆ ಹಡಗು ಹತ್ತಿ ಬಿಟ್ಟಿದ್ದರು. ಹಾಶಿಂ ಗ್ಲಾಸ್ಗೊದ ಸ್ಕಾಟ್ಸ್‌ಟನ್‌ನಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ಸಲೀಂ ಆಟ ನೋಡಿದ ಅವರಿಗೆ ಇದು ಯೂರೋಪಿನಲ್ಲಿ ಆಡಬೇಕಾದ ಕಾಲು ಎನ್ನಿಸಿತ್ತು.

ಕಲಕತ್ತೆಯಿಂದ ಗ್ಲಾಸ್ಗೊಗೆ ದಾರಿ ಹೊಸದೇನಲ್ಲ. ಹೂಗ್ಲಿಯ ಸೆಣಬಿನ ಗಿರಣಿಗಳನ್ನು ನಡೆಸುತ್ತಿದ್ದವರಲ್ಲಿ ಬಹಳ ಮಂದಿ ಸ್ಕಾಟ್ಲೆಂಡಿನವರು. ಬಂಗಾಳದ ಕಚ್ಚಾ ಸೆಣಬು ಡಂಡೀ ಪಟ್ಟಣಕ್ಕೂ ಹೋಗುತ್ತಿತ್ತು. ಗ್ಲಾಸ್ಗೊದ ಕ್ಲೈಡ್ ನದಿಯಲ್ಲಿ ಕಟ್ಟಿದ ಹಡಗುಗಳ ತಳದಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಖಲಾಸಿಗಳಲ್ಲಿ ಬಂಗಾಳದ ಮುಸ್ಲಿಮರು ಬಹಳವಿದ್ದರು. ಫುಟ್‌ಬಾಲನ್ನು ಹೂಗ್ಲಿಯ ದಡಕ್ಕೆ ತಂದವರಲ್ಲಿ ಸ್ಕಾಟ್ಲೆಂಡಿನ ಸೈನಿಕರೂ ಇದ್ದರು. ಚೆಂಡು ಬಂದ ದಾರಿಯಲ್ಲೇ ಸಲೀಂ ಹೋದರು ಎನ್ನಬಹುದು.

ಅವರು ಹೋದದ್ದು ಸಾಮಾನ್ಯ ಕ್ಲಬ್ಬಿಗಲ್ಲ. ಸೆಲ್ಟಿಕ್ ಆಗಷ್ಟೇ 1935-36ರ ಸ್ಕಾಟಿಷ್ ಲೀಗ್ ಗೆದ್ದಿತ್ತು. ಅದರ ಜಿಮ್ಮಿ ಮೆಕ್‌ಗ್ರೋರಿ ಆ ಒಂದೇ ಸೀಸನ್ನಿನ ಲೀಗಿನಲ್ಲಿ 50 ಗೋಲು ಹೊಡೆದಿದ್ದರು. ವಿಲ್ಲಿ ಮೇಲಿ 1897ರಿಂದಲೂ ಮ್ಯಾನೇಜರ್. ಈ ಕ್ಲಬ್ಬಿನ ಹುಟ್ಟಿನ ಕಥೆಯೂ ನಮಗೆ ಅಪರಿಚಿತವಲ್ಲ. ಐರ್ಲೆಂಡಿನಿಂದ ಹಸಿವಿಗೆ ಊರು ಬಿಟ್ಟು ಬಂದ ಕ್ಯಾಥೊಲಿಕ್ ಬಡವರು ಗ್ಲಾಸ್ಗೊದ ಪೂರ್ವದ ಕೇರಿಗಳಲ್ಲಿ ತುಂಬಿದ್ದರು. ಅವರ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸಬೇಕೆಂದು ಬ್ರದರ್ ವಾಲ್‌ಫ್ರಿಡ್ ಎಂಬ ಧರ್ಮಬಂಧು 1887ರಲ್ಲಿ ಕಟ್ಟಿದ ಕ್ಲಬ್ ಅದು. ಅದೇ ಊರಿನ ರೇಂಜರ್ಸ್ ಕ್ಲಬ್ ಬಹುಕಾಲ ಕ್ಯಾಥೊಲಿಕ್ ಆಟಗಾರರನ್ನು ದೂರವಿಟ್ಟಿತು. ಸೆಲ್ಟಿಕ್ ಮಾತ್ರ ಆಟಗಾರನನ್ನು ಆರಿಸುವಾಗ ಅವನ ಪ್ರಾರ್ಥನೆ ಯಾವುದೆಂದು ಕೇಳುವ ರೂಢಿ ಇಟ್ಟುಕೊಳ್ಳಲಿಲ್ಲ.

ಹಾಶಿಂ ನೇರವಾಗಿ ಮೇಲಿ ಅವರ ಮುಂದೆ ನಿಂತರು. ಹಿಂದೂಸ್ತಾನದ ಆಟಗಾರ ಬಂದಿದ್ದಾನೆ, ಒಮ್ಮೆ ಪರೀಕ್ಷಿಸಿ ಎಂದು ಕೇಳಿದರು. ಒಂದೇ ತೊಂದರೆ, ಅವನು ಬೂಟು ಹಾಕುವುದಿಲ್ಲ ಎಂದೂ ಹೇಳಿದರು. ಮೇಲಿ ನಕ್ಕರಂತೆ. ಸ್ಕಾಟ್ಲೆಂಡಿನ ಬೂಟುಗಳ ನಡುವೆ ಬರಿಗಾಲು! ಆದರೂ ಬೇಡ ಎನ್ನಲಿಲ್ಲ. ಪರೀಕ್ಷೆ ನಡೆಯಿತು, ನಗು ನಿಂತಿತು.

ಅಚ್ಚರಿ ಬೇರೆ, ಆಟಗಾರ ಬೇರೆ

1936ರ ಆಗಸ್ಟ್ ತಿಂಗಳ ಕೊನೆಯಲ್ಲಿ ಸಲೀಂ ಸೆಲ್ಟಿಕ್‌ನ ಎರಡನೆಯ ತಂಡದ ಪರವಾಗಿ ಮೈದಾನಕ್ಕಿಳಿದರು. ಗಾಲ್ಸ್‌ಟನ್ ವಿರುದ್ಧ ತಂಡ 7-1ರಿಂದ ಗೆದ್ದಿತು. ಹ್ಯಾಮಿಲ್ಟನ್ ವಿರುದ್ಧ 5-1ರಿಂದ ಗೆದ್ದ ಪಂದ್ಯದಲ್ಲಿ ಸಲೀಂ ಪೆನಾಲ್ಟಿಯಲ್ಲಿ ಒಂದು ಗೋಲು ಹೊಡೆದರು. ಅಂಚಿನಲ್ಲಿ ಓಡುತ್ತಾ, ಚೆಂಡನ್ನು ಬೆರಳುಗಳ ಮೇಲೆ ಆಡಿಸಿ ಗೋಲಿನ ಎದುರಿಗೆ ಹಾಕುವ ಆಟ ಅವರದು. ನೋಡಲು ಬಂದವರು ಬೆರಗಾದರು. ಒಂದು ಪತ್ರಿಕೆ ಅವರನ್ನು ಭಾರತದ ಜಾದೂಗಾರ ಎಂಬ ಅರ್ಥದ ತಲೆಬರಹದಡಿ ಹೊಗಳಿತು.

ಹೊಗಳಿಕೆ ನಿಜವಾದದ್ದೇ. ಆದರೆ ಆ ಜಾದೂಗಾರ ಎಂಬ ಮಾತಿನ ಬಳಿ ನಾವು ಸ್ವಲ್ಪ ನಿಲ್ಲಬೇಕು. ಹಾವಾಡಿಗರು, ಹಗ್ಗ ಹತ್ತುವವರು, ಮೊಳೆಯ ಮೇಲೆ ಮಲಗುವವರು, ಇವರೆಲ್ಲ ಅಂದಿನ ಬ್ರಿಟನ್ನಿಗೆ ಗೊತ್ತಿದ್ದ ಹಿಂದೂಸ್ತಾನ. ಸಲೀಂ ಆ ಸಾಲಿಗೆ ಸೇರಿದರು. ಪಕ್ಕದಲ್ಲಿ ಓಡುತ್ತಿದ್ದ ಸ್ಕಾಟ್ಲೆಂಡಿನ ಹುಡುಗ ಚೆನ್ನಾಗಿ ಆಡಿದರೆ ಅವನು ಒಳ್ಳೆಯ ಆಟಗಾರ. ಸಲೀಂ ಚೆನ್ನಾಗಿ ಆಡಿದರೆ ಅದು ಜಾದು!

ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಸೇರಿದ ನಮ್ಮಂಥವರಿಗೆ ಇದು ಅರ್ಥವಾಗುತ್ತದೆ. ಮೊದಲ ವಾರ ಎಲ್ಲರೂ ಸುತ್ತ ಕೂತು, ಉರ್ದುವಿನಲ್ಲಿ ಏನಾದರೂ ಹೇಳು ಅನ್ನುತ್ತಾರೆ. ನಾವು ಹೇಳುತ್ತೇವೆ, ಅವರು ಪ್ರೀತಿಯಿಂದಲೇ ನಗುತ್ತಾರೆ. ಆ ಪ್ರೀತಿಯಲ್ಲಿ ಸುಳ್ಳಿಲ್ಲ. ಆದರೆ ಎರಡನೆಯ ವಾರ ಒತ್ತಕ್ಷರ ಬರೆಯಬೇಕು, ಮಗ್ಗಿ ಒಪ್ಪಿಸಬೇಕು. ಆಗ ಪಕ್ಕದಲ್ಲಿ ಕೂತು ತಿದ್ದುವ ಒಬ್ಬ ಗೆಳೆಯ ಬೇಕು. ಅಚ್ಚರಿಯ ವಸ್ತುವಾಗುವುದು ಎರಡು ದಿನದ ಮಾತು. ತಂಡದವನಾಗುವುದು ವರ್ಷಗಳ ಕೆಲಸ.

ಆ ಕೆಲಸಕ್ಕೆ ಬೇಕಾದದ್ದು ಗ್ಲಾಸ್ಗೊದಲ್ಲಿ ಎಷ್ಟಿತ್ತು? ಒಬ್ಬ ಬಂಧು ಇದ್ದರು. ಮೆಕ್‌ಮೆನಮಿಯ ಬ್ಯಾಂಡೇಜು ಇತ್ತು. ಮುಂದೆ ಬರುತ್ತಿದ್ದುದು ಸ್ಕಾಟ್ಲೆಂಡಿನ ಚಳಿಗಾಲ, ಹೆಪ್ಪುಗಟ್ಟಿದ ನೆಲ. ಸಲೀಂ ಎಳೆಯ ಹುಡುಗರೂ ಆಗಿರಲಿಲ್ಲ, ಮೂವತ್ತು ದಾಟಿತ್ತು. ಇಂದಿನ ಹಾಗೆ ಭಾಷೆ ಕಲಿಸುವವರು, ಮನೆ ಹುಡುಕಿಕೊಡುವವರು, ದಿನಾ ತಾಯಿಯ ಮುಖ ತೋರಿಸುವ ಫೋನು, ಇದಾವುದೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಸಲೀಂ ಮನೆಗೆ ಹೋಗುತ್ತೇನೆ ಅಂದರು. ಕ್ಲಬ್ಬು ಉಳಿಸಿಕೊಳ್ಳಲು ಪ್ರಯತ್ನಿಸಿತು. ಅವರ ಹೆಸರಿನಲ್ಲಿ ಒಂದು ಪಂದ್ಯ ನಡೆಸಿ ಹಣದಲ್ಲಿ ಪಾಲು ಕೊಡುತ್ತೇವೆ ಎಂದಾಗ, ಅದನ್ನು ಪಂದ್ಯ ನೋಡಲು ಬರುವ ಅನಾಥ ಮಕ್ಕಳಿಗೇ ಕೊಟ್ಟುಬಿಡಿ ಎಂದು ಸಲೀಂ ಹೇಳಿದರೆನ್ನುತ್ತಾರೆ. ಬಡ ಮಕ್ಕಳ ಊಟಕ್ಕಾಗಿ ಹುಟ್ಟಿದ ಕ್ಲಬ್ಬಿಗೆ ಇದಕ್ಕಿಂತ ಒಪ್ಪುವ ವಿದಾಯ ಇನ್ನೇನಿದೆ?

1937ರ ಏಪ್ರಿಲ್‌ನಲ್ಲಿ ಸೆಲ್ಟಿಕ್ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಅಬರ್ಡೀನನ್ನು 2-1ರಿಂದ ಸೋಲಿಸಿತು. ನೋಡಲು ಬಂದವರು 1 ಲಕ್ಷ 46 ಸಾವಿರಕ್ಕೂ ಹೆಚ್ಚು. ಸಲೀಂ ಆ ಹೊತ್ತಿಗೆ ಮತ್ತೆ ತಮ್ಮ ಕಲಕತ್ತೆಯವರು. ಉಳಿದಿದ್ದರೆ ಏನಾಗುತ್ತಿತ್ತೋ ಎಂದು ಕೊರಗುವವರಿದ್ದಾರೆ. ನಾವು ಕೊರಗುವುದಿಲ್ಲ. ಅವರು ಹಿಂದಿರುಗಿದ್ದು ಸೋತು ಅಲ್ಲ. ಅಲ್ಲಿ ಅವರು ಜಾದೂಗಾರರಾಗಿದ್ದರು, ಇಲ್ಲಿ ಹನ್ನೊಂದರಲ್ಲಿ ಒಬ್ಬರು. ಚಾಂಪಿಯನ್ ತಂಡದ ಹನ್ನೊಂದರಲ್ಲಿ ಒಬ್ಬರು.

ಬೆಂಗಳೂರಿನ ಬರಿಗಾಲು

ಇದರ ಇನ್ನೊಂದು ಮಗ್ಗುಲು ನಮ್ಮ ನಾಡಿನಲ್ಲೇ ಇದೆ. ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಇದೇ ಮುಹಮ್ಮಡನ್ ಸ್ಪೋರ್ಟಿಂಗನ್ನು 1-0ಯಿಂದ ಸೋಲಿಸಿತು. 1938ರಲ್ಲೂ ಕಪ್ ಅದರದ್ದೇ. ಆ ಕ್ಲಬ್ಬಿನಲ್ಲಿ ಬೆಳೆದ ಅಹಮದ್ ಖಾನ್ 1949ರಲ್ಲಿ ತಮ್ಮ ಇಪ್ಪತ್ತರ ಹರೆಯದಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಭಾಷೆ ಬೇರೆ, ಮೀನಿನ ಊಟ ಬೇರೆ, ಲೀಗು ದೊಡ್ಡದು. ಆದರೆ ಅಲ್ಲಿ ಮುಂಚೂಣಿಯಲ್ಲಿ ಅವರ ಜೊತೆ ನಿಂತವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ. ಎಲ್ಲರೂ ದಕ್ಷಿಣದವರು. ಕಲಕತ್ತೆಯ ಜನ ಈ ಐವರನ್ನು ಪಂಚಪಾಂಡವರು ಎಂದು ಕರೆದರು. ಐವರಲ್ಲಿ ಇಬ್ಬರು ಮುಸ್ಲಿಮರು ಎಂಬುದು ಆ ಹೆಸರಿಗೆ ಅಡ್ಡಿಯಾಗಲಿಲ್ಲ. ಅಹಮದ್ ಖಾನ್ ಸುಮಾರು ಹತ್ತು ವರ್ಷ ಅಲ್ಲಿ ಆಡಿದರು. ಒಬ್ಬನೇ ಹೋದವನಿಗೂ ಜೊತೆಗಾರರ ನಡುವೆ ನಿಂತವನಿಗೂ ಇರುವ ವ್ಯತ್ಯಾಸ ಇದು.

ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ 1952ರ ಹೆಲ್ಸಿಂಕಿಯಲ್ಲೂ ಭಾರತಕ್ಕೆ ಆಡಿದರು. ಹೆಲ್ಸಿಂಕಿಯ ಚಳಿಯಲ್ಲಿ ನಮ್ಮವರು ಯುಗೊಸ್ಲಾವಿಯಕ್ಕೆ 10-1ರಿಂದ ಸೋತರು. ಆ ಒಂದು ಗೋಲು ಅಹಮದ್ ಖಾನ್ ಅವರದು. ಅದಾದ ಮೇಲೆ ಭಾರತದ ಫುಟ್‌ಬಾಲ್‌ನಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ಯುಗ ಮುಗಿಯಿತು. ಅಹಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಸಲೀಂ ಹೋಗಿ 63 ವರ್ಷಗಳ ನಂತರ, 1999ರಲ್ಲಿ, ಸಿಕ್ಕಿಂನ ಬೈಚುಂಗ್ ಭುಟಿಯಾ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದರು. ವಯಸ್ಸು 22. ಬೂಟು ಇತ್ತು, ಕರಾರು ಇತ್ತು. ನಡುವೆ ಎಷ್ಟೊಂದು ಬದಲಾಗಿತ್ತು! ಚಳಿ ಮಾತ್ರ ಅದೇ, ಮನೆಯ ನೆನಪೂ ಅದೇ.

ಸಲೀಂ 1980ರಲ್ಲಿ ತೀರಿಕೊಂಡರು. ಅವರು ಕಾಯಿಲೆ ಬಿದ್ದಿದ್ದಾಗ ಮಗ ಸೆಲ್ಟಿಕ್ ಕ್ಲಬ್ಬಿಗೆ ಒಂದು ಪತ್ರ ಬರೆದರು. ತಂದೆಯ ಚಿಕಿತ್ಸೆಗೆ ಸಹಾಯ ಬೇಕು ಎಂದು ಕೇಳಿದ್ದರು. ಹಣದ ಆಸೆಗಲ್ಲ, ಆ ಕ್ಲಬ್ಬಿಗೆ ತಂದೆಯ ಹೆಸರು ಇನ್ನೂ ನೆನಪಿದೆಯೇ ಎಂದು ತಿಳಿಯಲು ಹಾಗೆ ಬರೆದದ್ದಾಗಿ ಮಗ ಆಮೇಲೆ ಹೇಳಿಕೊಂಡಿದ್ದಾರೆ. ಉತ್ತರ ಬಂತು. ಲಕೋಟೆಯಲ್ಲಿ ನೂರು ಪೌಂಡಿನ ಬ್ಯಾಂಕ್ ಡ್ರಾಫ್ಟ್ ಇತ್ತು.

ಎರಡು ಪಂದ್ಯ ಆಡಿ ಹೋದವನನ್ನು ನಾಲ್ಕು ದಶಕಗಳ ಮೇಲೂ ಮರೆಯದ ಊರಿಗೆ ನಾವು ಸಲಾಂ ಹೇಳಬೇಕು. ನಮ್ಮ ಊರಿಗೆ, ನಮ್ಮ ಶಾಲೆಗೆ, ನಮ್ಮ ಕಾರ್ಖಾನೆಗೆ ಎರಡು ದಿನಕ್ಕೆಂದು ಬಂದು ಹೋದ ಪರದೇಸಿಗಳನ್ನು ನಾವೆಷ್ಟು ನೆನಪಿಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕು.

ಆ ಡ್ರಾಫ್ಟನ್ನು ಮಗ ನಗದು ಮಾಡಿಸಲಿಲ್ಲ. ಹಾಗೆಯೇ ಎತ್ತಿಟ್ಟುಕೊಂಡರು.