ಗುಲಬರ್ಗಾ ವಿ.ವಿ. ಹರ್ಬೇರಿಯಂ: ನೀರಾವರಿಗೆ ಮುನ್ನ ದಾಖಲಾಗದ ಸಿಂಧನೂರು ಸೀಮೆ

ಹರ್ಬೇರಿಯಂ ಎಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯ. ಹೂವು, ಕಾಯಿ, ಎಲೆಗಳಿರುವ ರೆಂಬೆಯನ್ನು ಹಳೆಯ ವೃತ್ತಪತ್ರಿಕೆಗಳ ನಡುವೆ ಅದುಮಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಚೀಟಿಯೊಂದರಲ್ಲಿ ಸಸ್ಯದ ಹೆಸರು, ಸ್ಥಳ, ದಿನಾಂಕ ಹಾಗೂ ಸಂಗ್ರಾಹಕರ ಹೆಸರನ್ನು ನಮೂದಿಸಲಾಗುತ್ತದೆ. (ಓದಿ ಮುಗಿದ ಪತ್ರಿಕೆಗೆ ಇದಕ್ಕಿಂತ ಗೌರವದ ಮರುಬಳಕೆ ಇರಲಾರದು.) ಚೀಟಿಯಿಲ್ಲದ ಮಾದರಿ ಬರೀ ಒಣ ಸೊಪ್ಪು. ಚೀಟಿಯಿದ್ದರೆ ಆ ಗಿಡ ಆ ದಿನ ಆ ಊರಿನಲ್ಲಿತ್ತೆಂಬುದಕ್ಕೆ ಸಾಕ್ಷಿ.

ಕಲಬುರಗಿಯಲ್ಲಿರುವ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಅದರ ಹರ್ಬೇರಿಯಂ ಅಂತರರಾಷ್ಟ್ರೀಯ ಸೂಚಿಯಲ್ಲಿ 'ಎಚ್‌ಜಿಯುಜಿ' ಎಂಬ ಸಂಕೇತ ಹೊಂದಿದೆ. ವೈ.ಎನ್. ಸೀತಾರಾಮ್, ಕೆ. ಕೊಟ್ರೇಶ, ಎಸ್.ಬಿ. ಉಪ್ಲಾಂವ್ಕರ್ ಅವರ 'ಫ್ಲೋರಾ ಆಫ್ ಗುಲಬರ್ಗಾ ಡಿಸ್ಟ್ರಿಕ್ಟ್' ಕೃತಿಯನ್ನು ವಿಶ್ವವಿದ್ಯಾಲಯವು 2000ದಲ್ಲಿ ಪ್ರಕಟಿಸಿತು. ಯಾದಗಿರಿ ಆಗ ಅದೇ ಜಿಲ್ಲೆಯಲ್ಲಿತ್ತು. ರಾಯಚೂರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬರುವವರೆಗೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳೂ ಗುಲಬರ್ಗಾದ ವ್ಯಾಪ್ತಿಯಲ್ಲಿದ್ದವು.

ಈ ಮೂರು ಊರುಗಳ ಸೀಮೆಗೆ ಸಸ್ಯಶಾಸ್ತ್ರದ ಕಣ್ಣು ತಡವಾಗಿ ಬಿತ್ತು. ಕೃಷ್ಣೆಯಾಚೆಯ ವಿಜಾಪುರವು ಥಿಯೊಡೋರ್ ಕುಕ್ ಅವರ ಮುಂಬಯಿ ಪ್ರಾಂತ್ಯದ ಸಸ್ಯಗ್ರಂಥದ (1901–1908) ವ್ಯಾಪ್ತಿಗೆ ಬಂತು. ತುಂಗಭದ್ರೆಯಾಚೆಯ ಬಳ್ಳಾರಿ ಗ್ಯಾಂಬಲ್ ಆರಂಭಿಸಿದ ಮದ್ರಾಸ್ ಪ್ರಾಂತ್ಯದ ಗ್ರಂಥಕ್ಕೆ (1915–1936) ಸೇರಿತು. ನಡುವಿನ ರಾಯಚೂರು ದೋಆಬ್ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಎರಡರಿಂದಲೂ ಹೊರಗುಳಿಯಿತು. ಹೈದರಾಬಾದ್ ಸಂಸ್ಥಾನಕ್ಕೆ ಪಾರ್ಟ್ರಿಜ್ ಅವರ 1911ರ ಕೃತಿಯಿತ್ತಾದರೂ ಅದು ಅರಣ್ಯ ಸಸ್ಯಗಳನ್ನು ಕುರಿತದ್ದು. ಎರೆಹೊಲದ ಬದುವಿನ ಹುಲ್ಲು, ಕಳೆಗಳು ಅರಣ್ಯಾಧಿಕಾರಿಯ ಕಾಳಜಿಯಾಗಿರಲಿಲ್ಲ.

ಅಷ್ಟರಲ್ಲಿ ನೀರು ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನಾಲೆಗೆ ನೀರು ಹರಿದ ಬಳಿಕ ಸಿಂಧನೂರಿನ ಜೋಳ, ಹತ್ತಿಯ ಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ಎಡದಂಡೆ ನಾಲೆಯನ್ನು ರೂಪಿಸಿದ್ದು ಮುಖ್ಯವಾಗಿ ಅರೆನೀರಾವರಿ ಬೆಳೆಗಳಿಗೆ ಎಂಬುದು ಬೇರೆ ಮಾತು. ಎನ್.ಪಿ. ಸಿಂಗ್ ಅವರ 'ಫ್ಲೋರಾ ಆಫ್ ಈಸ್ಟರ್ನ್ ಕರ್ನಾಟಕ' ಪ್ರಕಟವಾದದ್ದು 1988ರಲ್ಲಿ, ಅಂದರೆ ನೀರು ಹರಿದ 35 ವರ್ಷಗಳ ನಂತರ. ಒಣಭೂಮಿಯ ಯಾವ ಗಿಡ ಗದ್ದೆಯಿಂದಾಗಿ ಮರೆಯಾಯಿತು, ಯಾವುದು ನೀರಿನೊಂದಿಗೆ ಬಂತು ಎಂದು ಹೇಳಲು ಎರಡೂ ಕಾಲದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಇಲ್ಲಿ ಮೊದಲ ಕಾಲದ ಹಾಳೆಗಳೇ ವಿರಳ.

ಆದ್ದರಿಂದಲೇ ನಾಲೆಯ ನೀರು ಏರದ ಮಸ್ಕಿ, ಮುದಗಲ್ಲುಗಳ ಕಲ್ಲುಗುಡ್ಡಗಳಿಗೆ ಬೆಲೆ ಹೆಚ್ಚು. ತಂಗಡಿ, ಕಾರೆ, ಕಳ್ಳಿ ಬೆಳೆಯುವಂತಹ ಒಣನೆಲ ಅಲ್ಲಿ ಉಳಿದಿದೆ. ಆದರೆ ಬಳ್ಳಾರಿ ಜಾಲಿ ಬಯಲುಸೀಮೆಯಲ್ಲೆಲ್ಲ ಹಬ್ಬುತ್ತಿದೆ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಪತ್ತೆಯಾಗುವವರೆಗೆ ಬಂಡೆ ಕಾದಿತ್ತು. ಅದರ ಬುಡದ ಹುಲ್ಲು ಹಾಗೆ ಕಾಯುವುದಿಲ್ಲ.