ಟ್ರೇಲರ್‌ನ ವಿದ್ಯುತ್ ಬ್ರೇಕ್

ಟ್ರೇಲರ್‌ನ ವಿದ್ಯುತ್ ಬ್ರೇಕ್ ಎಂಬುದು ಬ್ಯಾಟರಿಯ ವಿದ್ಯುತ್ತಿನಿಂದ ಟ್ರೇಲರ್‌ನ ಗಾಲಿಗಳನ್ನು ತಡೆಯುವ ವ್ಯವಸ್ಥೆಯಾಗಿದೆ. ಉತ್ತರ ಅಮೆರಿಕ ಹಾಗೂ ಆಸ್ಟ್ರೇಲಿಯಾಗಳಲ್ಲಿ ಪ್ರವಾಸಿ ಟ್ರೇಲರ್‌ಗಳಿಗೆ (ಕ್ಯಾರವಾನ್) ಇದು ಸಾಮಾನ್ಯ. ಯುರೋಪಿನಲ್ಲಿ ಹೆಚ್ಚಾಗಿ, ಟ್ರೇಲರ್ ಮುಂದಕ್ಕೆ ನೂಕುವ ಬಲದಿಂದಲೇ ಕೆಲಸಮಾಡುವ ಓವರ್‌ರನ್ ಬ್ರೇಕ್ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಟ್ರೇಲರ್ ಎಂದರೆ ಬಹುಮಟ್ಟಿಗೆ ಟ್ರ್ಯಾಕ್ಟರ್‌ಗೆ ಜೋಡಿಸುವ ಗಾಡಿಯೇ. ಅದರಲ್ಲಿ ವಿದ್ಯುತ್ ಬ್ರೇಕ್ ವಿರಳ. ಆದರೆ ವೈರಿಂಗ್ ದೋಷಗಳು ಎರಡರಲ್ಲಿಯೂ ಒಂದೇ ಬಗೆಯವು.

ಕಾರ್ಯವಿಧಾನ

ಪ್ರತಿ ಗಾಲಿಯ ಡ್ರಮ್‌ನೊಳಗೆ ಒಂದು ವಿದ್ಯುತ್ಕಾಂತವಿರುತ್ತದೆ. ಚಾಲಕನು ಬ್ರೇಕ್ ಒತ್ತಿದಾಗ ನಿಯಂತ್ರಕವು ಅದಕ್ಕೆ ವಿದ್ಯುತ್ ಹರಿಸುತ್ತದೆ. ಕಾಂತವು ತಿರುಗುತ್ತಿರುವ ಡ್ರಮ್‌ನ ಒಳಮೈಗೆ ಅಂಟಿಕೊಂಡು ಅದರೊಡನೆ ಸ್ವಲ್ಪ ದೂರ ಸರಿಯುತ್ತದೆ. ಆ ಚಲನೆಯು ಸನ್ನೆಯ ಮೂಲಕ ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುತ್ತದೆ. 10 ಅಥವಾ 12 ಅಂಗುಲದ ಡ್ರಮ್‌ನ ಕಾಂತವು 12 ವೋಲ್ಟ್‌ನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಕಾಂತಗಳನ್ನು ಸಮಾಂತರವಾಗಿ ಜೋಡಿಸುವುದರಿಂದ ಎರಡು ಗಾಲಿಗಳಿಗೆ 6, ನಾಲ್ಕು ಗಾಲಿಗಳಿಗೆ 12 ಆಂಪಿಯರ್‌ನಷ್ಟು ಬೇಕಾಗುತ್ತದೆ. ಕೊಂಡಿ ಕಳಚಿ ಟ್ರೇಲರ್ ಬೇರ್ಪಟ್ಟರೆ ಒಂದು ಪಿನ್ ಕಿತ್ತುಬಂದು, ಟ್ರೇಲರ್‌ನಲ್ಲಿಯೇ ಇರುವ ಚಿಕ್ಕ ಬ್ಯಾಟರಿಯು ಬ್ರೇಕ್ ಹಾಕುತ್ತದೆ.

ದೋಷ ಪತ್ತೆ

ಬ್ರೇಕ್ ಹಿಡಿಯದಿರುವುದಕ್ಕೆ ಡ್ರಮ್‌ಗಿಂತ ಹೆಚ್ಚಾಗಿ ವೈರ್‌ಗಳೇ ಕಾರಣವಾಗಿರುತ್ತವೆ. ಆದ್ದರಿಂದ ಗಾಲಿ ಬಿಚ್ಚುವ ಮೊದಲು ಬ್ರೇಕ್ ವೈರ್‌ನಲ್ಲಿ ಸರಣಿಯಾಗಿ ಆಂಪಿಯರ್ ಮಾಪಕವನ್ನು ಜೋಡಿಸಿ ಅಳೆಯುವುದು ಸೂಕ್ತ. ಮುಳ್ಳು ಅಲುಗದಿದ್ದರೆ ವೈರ್ ತುಂಡಾಗಿದೆ, ಫ್ಯೂಸ್ ಹೋಗಿದೆ ಅಥವಾ ಅರ್ಥಿಂಗ್ ಇಲ್ಲ. ಇರಬೇಕಾದುದಕ್ಕಿಂತ ಸುಮಾರು 3 ಆಂಪಿಯರ್ ಕಡಿಮೆಯಿದ್ದರೆ ಒಂದು ಕಾಂತಕ್ಕೆ ವಿದ್ಯುತ್ ತಲುಪುತ್ತಿಲ್ಲ. ಹೆಚ್ಚಿದ್ದರೆ ಎಲ್ಲಿಯೋ ಶಾರ್ಟ್ ಆಗಿದೆ; ಅಚ್ಚಿನ ಕೊಳವೆಯೊಳಗೆ ಹಾದುಹೋಗುವ ವೈರ್ ಅದುರಿ ಉಜ್ಜಿ ಸಿಪ್ಪೆ ಕಳೆದುಕೊಳ್ಳುವುದು ಇದಕ್ಕೆ ಹೆಸರಾದ ಜಾಗ. ಶಂಕಿತ ಕಾಂತದ ವೈರ್‌ಗಳನ್ನು ಕಳಚಿ, ಒಂದು ವೈರ್ ಮತ್ತು ಕಾಂತದ ಲೋಹದ ಮೈ ನಡುವೆ ಓಮ್ ಅಳೆದಾಗ ಯಾವ ಸಂಪರ್ಕವೂ ತೋರಬಾರದು. ತೋರಿದರೆ ಕಾಂತವನ್ನೇ ಬದಲಿಸಬೇಕು.

ವೋಲ್ಟೇಜ್ ಅಳತೆಯಲ್ಲಿ ಅನೇಕರು ಮೋಸಹೋಗುವುದುಂಟು. ತುಕ್ಕು ಹಿಡಿದ ಜೋಡಣೆಯು ವಿದ್ಯುತ್ ಹರಿಯದಿರುವಾಗ ಪೂರ್ತಿ 12 ವೋಲ್ಟ್ ತೋರಿಸಿ, ಬ್ರೇಕ್ ಒತ್ತಿದೊಡನೆ ಕುಸಿಯುತ್ತದೆ. ಆದಕಾರಣ ಕಾಂತಗಳು ಜೋಡಣೆಯಲ್ಲಿರುವಾಗಲೇ, ಬ್ರೇಕ್ ಒತ್ತಿಸಿ, ಗಾಲಿಯ ಬಳಿಯಲ್ಲಿ ಅಳೆಯಬೇಕು. ತೆಳು ವೈರ್ ಬಳಸಿದರೂ ಇದೇ ಫಲ. ಅರ್ಥಿಂಗನ್ನು ಹಿಚ್‌ನ ಕಬ್ಬಿಣಕ್ಕೆ ನಂಬಿ ಬಿಡುವುದು ಕೆಟ್ಟ ರೂಢಿ: ಅಲ್ಲಿರುವುದು ಗ್ರೀಸ್, ಧೂಳು ಮತ್ತು ಸಡಿಲ ಸಂಪರ್ಕ. ಪ್ರತ್ಯೇಕ ದಪ್ಪ ವೈರ್ ಇರಬೇಕು. ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲ ದೀಪಗಳೂ ಮಂದವಾಗಿ ಮಿನುಗುವುದು ಅರ್ಥಿಂಗ್ ಕೆಟ್ಟಿರುವುದರ ಖಚಿತ ಲಕ್ಷಣಗಳಲ್ಲೊಂದು.

ವಿದ್ಯುತ್ ಸರಿಯಿದ್ದೂ ಬ್ರೇಕ್ ದುರ್ಬಲವಾಗಿದ್ದರೆ ಶೂಗಳ ಸವೆತ, ಸಡಿಲ ಹೊಂದಾಣಿಕೆ, ಅಥವಾ ಬೇರಿಂಗ್ ಸೀಲ್ ಸೋರಿ ಲೈನರ್‌ಗೆ ತಗಲಿದ ಗ್ರೀಸ್ ಕಾರಣವಾಗಬಹುದು. ಗ್ರೀಸ್ ಹೀರಿದ ಶೂಗಳನ್ನು ತೊಳೆದು ಮತ್ತೆ ಹಾಕುವುದು ಸಲ್ಲದು. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್‌ನ ಧೂಳನ್ನು ಗಾಳಿಯಿಂದ ಊದಬಾರದು. ತುರ್ತು ಪಿನ್ ಎಳೆದು ಪರೀಕ್ಷಿಸುವಾಗ ಎಳೆಯುವ ವಾಹನದ ಪ್ಲಗ್ ಕಳಚಿರಬೇಕು. ಇಲ್ಲವಾದರೆ ನಿಯಂತ್ರಕ ಕೆಡಬಹುದು. ಎಲ್ಲ ಪರೀಕ್ಷೆಗಳಿಗೂ ಮೊದಲು ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು.

ಏಳು ಪಿನ್ನಿನ ಪ್ಲಗ್

ಐಎಸ್‌ಓ 1724 ಮಾನಕದ ಪ್ರಕಾರ 12 ವೋಲ್ಟ್‌ನ ಏಳು ಪಿನ್ನಿನ ಪ್ಲಗ್‌ನಲ್ಲಿ ಹಳದಿ ವೈರ್ ಎಡ ಇಂಡಿಕೇಟರ್‌ಗೆ, ಹಸಿರು ಬಲ ಇಂಡಿಕೇಟರ್‌ಗೆ, ಬಿಳಿ ಅರ್ಥಿಂಗ್‌ಗೆ, ಕೆಂಪು ಬ್ರೇಕ್ ದೀಪಕ್ಕೆ ಮೀಸಲು. ಅಮೆರಿಕದ ಟ್ರೇಲರ್‌ಗಳಲ್ಲಿ ನೀಲಿ ವೈರ್ ವಿದ್ಯುತ್ ಬ್ರೇಕಿನದು. ಈ ಮಾನಕದಲ್ಲಿ ನೀಲಿ ಹಿಂಬದಿಯ ಮಂಜುದೀಪಕ್ಕೆ ಸೇರಿದ್ದು. ಹಲವು ಕೈ ದಾಟಿದ ಗಾಡಿಯಲ್ಲಿ ಬಣ್ಣವನ್ನು ನಂಬದೆ ಪ್ರತಿ ಪಿನ್ನನ್ನೂ ಟೆಸ್ಟ್ ಲ್ಯಾಂಪ್‌ನಿಂದ ನೋಡಬೇಕು.

ಕರ್ನಾಟಕದಲ್ಲಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಆವತಿಯು ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 44ರ ಬದಿಯಲ್ಲಿದೆ. ಇಂತಹ ಊರುಗಳಲ್ಲಿ ಹೊಲದ ದಾರಿಯಿಂದ ಬರುವ ಟ್ರ್ಯಾಕ್ಟರ್ ವೇಗದ ವಾಹನಗಳ ನಡುವೆ ಸೇರಿಕೊಳ್ಳಬೇಕಾಗುತ್ತದೆ. ಕತ್ತಲಲ್ಲಿ ಹಿಂದೀಪ ಉರಿಯದ ಟ್ರೇಲರ್ ಹಿಂದಿನವರಿಗೆ ಕಾಣುವುದು ತೀರ ಹತ್ತಿರಕ್ಕೆ ಬಂದ ಮೇಲೆಯೇ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 104ನೇ ನಿಯಮವು ಪ್ರತಿಫಲಕಗಳ ಅಳವಡಿಕೆಗೆ ಸಂಬಂಧಿಸಿದೆ. ವೈರಿಂಗ್ ಕೈಕೊಟ್ಟಾಗ ಉಳಿಯುವ ರಕ್ಷಣೆ ಅದೊಂದೇ.

ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಟ್ರ್ಯಾಕ್ಟರ್‌ನ ಬ್ರೇಕುಗಳೇ ಎರಡರ ಭಾರವನ್ನೂ ನಿಲ್ಲಿಸಬೇಕು. ಇಳಿಜಾರಿನಲ್ಲಿ ಹೇರಿದ ಗಾಡಿಯು ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಬಲ್ಲದು. ಹೊಲದಲ್ಲಿ ಚುರುಕಾಗಿ ತಿರುಗಲೆಂದು ಟ್ರ್ಯಾಕ್ಟರ್‌ಗಳಿಗೆ ಎಡಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್‌ಗಳಿರುತ್ತವೆ. ರಸ್ತೆಗೆ ಇಳಿಯುವ ಮುನ್ನ ಅವೆರಡನ್ನೂ ಕೂಡಿಸುವ ಚಿಲಕ ಹಾಕದಿದ್ದರೆ ಒಂದೇ ಗಾಲಿ ಹಿಡಿದು ವಾಹನ ಮಗುಚಬಹುದು.