ಕಸದ ಅಂಚೆಯ ಇತಿಹಾಸ ಮತ್ತು ನಿಮ್ಮ ಇ-ಮೇಲ್ ವಿಳಾಸ

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕರೆ ಇ-ಮೇಲ್‌ನಲ್ಲಿ ಬಂದಿತ್ತು. ಅವಳು ಅದನ್ನು ನೋಡಿದ್ದು ಸಂದರ್ಶನ ಮುಗಿದ ನಾಲ್ಕು ದಿನಗಳ ಮೇಲೆ. ಲಾಟರಿ, ಸಾಲ, ಔಷಧಿ ಎಂದು ಬಂದ ನೂರಾರು ಕಸದ ಪತ್ರಗಳ ನಡುವೆ ಅದು ಹೂತುಹೋಗಿತ್ತು. ಒಂದು ತರಬೇತಿ ಸಂಸ್ಥೆಯವರು ಶಿಬಿರಾರ್ಥಿಗಳ ಪಟ್ಟಿಯನ್ನು ಇ-ಮೇಲ್ ವಿಳಾಸ ಸಮೇತ ತಮ್ಮ ಜಾಲತಾಣದಲ್ಲಿ ಹಾಕಿದ್ದರು. ಆ ಪಟ್ಟಿಯಲ್ಲಿ ಅವಳ ಹೆಸರು ಬರೆಸಿದವನು ನಾನೇ. ಅಂದಿನಿಂದ ಈ ಕಸದ ಅಂಚೆಯ ಇತಿಹಾಸವನ್ನು ಹುಡುಕಿ ಓದುತ್ತಾ ಬಂದಿದ್ದೇನೆ.

ಈ ಇತಿಹಾಸದ ಆರಂಭದಲ್ಲಿ ಇರುವುದೂ ಒಂದು ಪಟ್ಟಿಯೇ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅವರು ಅರ್ಪಾನೆಟ್ ಎಂಬ ಜಾಲದಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ವಿಳಾಸದ ನಡುವೆ ‘ಅಟ್’ ಚಿಹ್ನೆ ಇಟ್ಟವರೂ ಅವರೇ. ಆ ಜಾಲ ನಡೆಯುತ್ತಿದ್ದುದು ರಕ್ಷಣಾ ಇಲಾಖೆಯ ಹಣದಲ್ಲಿ. ಅದನ್ನು ಬಳಸುವವರ ವಿಳಾಸಗಳೆಲ್ಲ ನಮ್ಮ ಹಳೆಯ ಟೆಲಿಫೋನ್ ಡೈರೆಕ್ಟರಿಯಂಥ ಒಂದು ಮುದ್ರಿತ ಪುಸ್ತಕದಲ್ಲಿದ್ದವು. ಅಗತ್ಯ ಬಿದ್ದವರು ಒಬ್ಬರಿಗೊಬ್ಬರು ಬರೆದುಕೊಳ್ಳಲಿ ಎಂಬ ವಿಶ್ವಾಸದ ಪುಸ್ತಕ ಅದು.

1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕ ಕಂಪೆನಿಯ ಮಾರಾಟ ವಿಭಾಗದ ಗ್ಯಾರಿ ಥುಯರ್ಕ್ ಆ ಪುಸ್ತಕದಿಂದ ಸುಮಾರು 400 ವಿಳಾಸ ತೆಗೆದು, ಕೈಯಿಂದಲೇ ಟೈಪ್ ಮಾಡಿಸಿ, ಹೊಸ ಯಂತ್ರಗಳ ಜಾಹೀರಾತನ್ನು ಒಂದೇ ಸಲಕ್ಕೆ ಕಳಿಸಿದರು. ವಿಳಾಸಗಳಿಗೆ ಮೀಸಲಾದ ಜಾಗ ತುಂಬಿ, ಉಳಿದವು ಪತ್ರದ ಒಳಗೇ ಹರಿದುಬಂದವು! ದೂರುಗಳು ಬಂದವು, ಜಾಲದ ಉಸ್ತುವಾರಿ ಹೊತ್ತ ಸೇನಾ ಸಂಸ್ಥೆ ಛೀಮಾರಿ ಹಾಕಿತು. ಆದರೆ ಆ ಒಂದು ಪತ್ರದಿಂದ ಸುಮಾರು 1.3 ಕೋಟಿ ಡಾಲರಿನ ವ್ಯಾಪಾರವಾಯಿತೆಂದು ಥುಯರ್ಕ್ ಮುಂದೆ ಹೇಳಿಕೊಂಡರು. ಕಳಿಸುವವನಿಗೆ ಖರ್ಚಿಲ್ಲ, ಲಾಭ ಅಪಾರ. ರೋಗದ ಮೂಲ ಇಲ್ಲಿದೆ.

1994ರ ಏಪ್ರಿಲ್‌ನಲ್ಲಿ ಅರಿಜೋನಾದ ವಕೀಲ ದಂಪತಿಗಳು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಸುರಿದರು. ‘ಸ್ಪ್ಯಾಮ್’ ಎಂಬ ಹೆಸರು ಜನಪ್ರಿಯವಾದದ್ದು ಆಗ. (ಮೂಲತಃ ಅದು ಡಬ್ಬಿಯಲ್ಲಿ ಮಾರುವ ಹಂದಿಮಾಂಸದ ಹೆಸರು. ಬ್ರಿಟನ್ನಿನ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಅದನ್ನೇ ಪದೇ ಪದೇ ಕೂಗಿ ಉಳಿದ ಮಾತೆಲ್ಲ ಮುಳುಗಿಸಿದ್ದರಿಂದ ಇಲ್ಲಿಗೆ ಬಂತು.) ಆ ಬಳಿಕ ಪುಸ್ತಕ ನೋಡಿ ಟೈಪ್ ಮಾಡುವ ಶ್ರಮವೂ ತಪ್ಪಿತು. ಜಾಲತಾಣಗಳನ್ನು ಸೋಸುತ್ತಾ ‘ಅಟ್’ ಚಿಹ್ನೆ ಕಂಡಲ್ಲೆಲ್ಲ ವಿಳಾಸ ಹೆಕ್ಕುವ ತಂತ್ರಾಂಶಗಳು ಬಂದವು. ಲಕ್ಷಗಟ್ಟಲೆ ವಿಳಾಸಗಳು ಸಿ.ಡಿ.ಗಳಲ್ಲಿ ಮಾರಾಟವಾದವು.

2003ರಲ್ಲಿ ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಸಂಸ್ಥೆ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಹೊಸ ವಿಳಾಸಗಳನ್ನು ಸೃಷ್ಟಿಸಿ ಬೇರೆ ಬೇರೆ ಕಡೆ ಕೊಟ್ಟು ಕಾದು ನೋಡಿದ್ದರು. ಬಂದ ಕಸದಲ್ಲಿ ಶೇ. 97ಕ್ಕೂ ಹೆಚ್ಚು ಜಾಲತಾಣಗಳಲ್ಲಿ ಬಹಿರಂಗವಾಗಿದ್ದ ವಿಳಾಸಗಳಿಗೇ ಬಂದಿತ್ತು. ಚಿಹ್ನೆಯ ಬದಲು ‘ಅಟ್’, ‘ಡಾಟ್’ ಎಂದು ಅಕ್ಷರದಲ್ಲಿ ಬರೆದಿದ್ದ ವಿಳಾಸಗಳಿಗೆ ಒಂದೂ ಬಂದಿರಲಿಲ್ಲ. ಈಗಿನ ತಂತ್ರಾಂಶಗಳು ಈ ಉಪಾಯವನ್ನೂ ಅರಿತಿವೆ, ಅದೊಂದನ್ನೇ ನಂಬಬೇಡಿ.

ನಾವು ಜೋಪಾನವಾಗಿದ್ದರೂ ವಿಳಾಸ ಇಟ್ಟುಕೊಂಡವರು ಹಾಗಿರಬೇಕಲ್ಲ? ಅಮೆರಿಕದ ಎ.ಓ.ಎಲ್. ಕಂಪೆನಿಯ ನೌಕರನೊಬ್ಬ 9.2 ಕೋಟಿ ಗ್ರಾಹಕ ಹೆಸರುಗಳನ್ನು ಕದ್ದು ಮಾರಿ, 2005ರಲ್ಲಿ ಜೈಲು ಶಿಕ್ಷೆಗೆ ಗುರಿಯಾದ. 2003ರಲ್ಲಿ ಅಮೆರಿಕ ಮಾಡಿದ ಕಾಯಿದೆ ಕೂಡ ಜಾಹೀರಾತು ಕಳಿಸುವ ಮುನ್ನ ಅನುಮತಿ ಕೇಳಬೇಕೆಂದು ಹೇಳಲಿಲ್ಲ, ಬೇಡವೆಂದವರಿಗೆ ನಿಲ್ಲಿಸಬೇಕೆಂದಷ್ಟೇ ಹೇಳಿತು.

ಹಾಗಾಗಿ ಎರಡು ವಿಳಾಸ ಇಟ್ಟುಕೊಳ್ಳಿ. ಪರೀಕ್ಷೆ, ವಿದ್ಯಾರ್ಥಿವೇತನ, ನೌಕರಿಗೆ ಒಂದು, ಅಂಗಡಿ, ಆಟ, ಬಹುಮಾನದ ಫಾರಂಗಳಿಗೆ ಇನ್ನೊಂದು. ಅಪರಿಚಿತ ಪತ್ರದಲ್ಲಿನ ಚಿತ್ರಗಳನ್ನು ತೆರೆಯಬೇಡಿ, ಚಿತ್ರ ಕಳಿಸಿದವನ ಗಣಕದಿಂದ ಇಳಿದುಬರುವಾಗ ‘ಈ ವಿಳಾಸ ಜೀವಂತವಾಗಿದೆ’ ಎಂದು ಅವನಿಗೆ ತಿಳಿದುಬಿಡುತ್ತದೆ. ನಮ್ಮಂಥ ಸಂಘಗಳ ಪದಾಧಿಕಾರಿಗಳಿಗೂ ಒಂದು ವಿನಂತಿ: ಸದಸ್ಯರೆಲ್ಲರಿಗೆ ಪತ್ರ ಕಳಿಸುವಾಗ ವಿಳಾಸಗಳನ್ನು ‘ಬಿ.ಸಿ.ಸಿ.’ ಎಂಬ ಜಾಗದಲ್ಲಿ ಹಾಕಿ. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದು. ಸ್ಪ್ಯಾಮ್ ಕಡತವನ್ನೂ ವಾರಕ್ಕೊಮ್ಮೆ ನೋಡಿ, ಒಳ್ಳೆಯ ಪತ್ರವೂ ತಪ್ಪಿ ಅಲ್ಲಿಗೆ ಹೋಗುವುದುಂಟು.

ಆ ವಿದ್ಯಾರ್ಥಿನಿ ಮರುವರ್ಷ ಹೊಸ ವಿಳಾಸದಿಂದ ಮತ್ತೆ ಅರ್ಜಿ ಹಾಕಿದಳು. ಆ ವಿಳಾಸವನ್ನು ನಾನು ಯಾವ ಪಟ್ಟಿಯಲ್ಲೂ ಬರೆಸಿಲ್ಲ.